ಮನೆಯ ಫೈರ್‌ವಾಲ್ ಮತ್ತು ನನ್ನ ವೀಕ್ಷಣಾ ಪುಸ್ತಕ

ಈ ಪತ್ರಿಕೆಯಲ್ಲಿ ಪ್ರಶಿಕ್ಷಣಾರ್ಥಿಗಳು ತಾವು ಮಾಡಿದ ಪಾಠದ ಬಗ್ಗೆ ಬರೆಯುತ್ತಾರೆ, ನಾವು ಉಪನ್ಯಾಸಕರು ಅವರ ಪಾಠಗಳ ಬಗ್ಗೆ ಬರೆಯುತ್ತೇವೆ. ಈ ಸಲ ನಾನು ವಿದ್ಯಾರ್ಥಿನಿಯಾಗಿ ಕಲಿತ ಒಂದು ಪಾಠದ ಬಗ್ಗೆ ಬರೆಯಬೇಕೆನಿಸಿದೆ. ಅದು ನಡೆದದ್ದು ಧಾರವಾಡದ ನಮ್ಮ ಮನೆಯಲ್ಲಿ, ಟಿವಿ ಮೇಜಿನ ಹಿಂದೆ, ವಾಯರುಗಳ ಗೊಂಚಲಿನ ನಡುವೆ. ಕಲಿಸಿದವನು ನಮ್ಮದೇ ಕಾಲೇಜಿನ ಪ್ರಶಿಕ್ಷಣಾರ್ಥಿ. ಅದಕ್ಕೆ ಮೂರು ವಾರ ಮೊದಲು ಆತನ ಪಾಠಕ್ಕೆ ನಾನು 25ಕ್ಕೆ 13 ಅಂಕ ಕೊಟ್ಟಿದ್ದೆ.

ಮೊದಲು ಮನೆಯ ಸಂಗತಿ. ನಾನೂ ನಮ್ಮವರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗ ಪಿಯುಸಿ. ಹಗಲು ಹೊತ್ತಿನಲ್ಲಿ ಎಪ್ಪತ್ತೆಂಟು ವರ್ಷದ ಅತ್ತೆಯವರು ಒಬ್ಬರೇ ಮನೆಯಲ್ಲಿರುತ್ತಾರೆ. ಒಮ್ಮೆ ಬಚ್ಚಲುಮನೆಯ ಬಾಗಿಲಲ್ಲಿ ಜಾರಿ ಬಿದ್ದರು. ದೊಡ್ಡ ಪೆಟ್ಟಾಗಲಿಲ್ಲ, ಆದರೆ ನಮಗೆ ಹೆದರಿಕೆಯಾಯಿತು. ವಾರದೊಳಗೆ ಪಡಸಾಲೆಯ ಮೂಲೆಗೆ ವೈಫೈ ಕ್ಯಾಮೆರಾ ಬಂತು. ಸ್ಟಾಫ್ ರೂಮಿನಲ್ಲಿ ಕುಳಿತು ಮೊಬೈಲಿನಲ್ಲಿ ಅವರನ್ನು ನೋಡಬಹುದು, ಬೇಕಾದರೆ ಕ್ಯಾಮೆರಾದ ಮುಖವನ್ನು ಆಚೆ ಈಚೆ ತಿರುಗಿಸಬಹುದು. ಜೋಡಿಸಲು ಬಂದವರು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋದರು. ಅತ್ತೆಯವರನ್ನು ಯಾರೂ ಏನೂ ಕೇಳಲಿಲ್ಲ. ನನಗೂ ಕೇಳಬೇಕೆಂದು ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ಒಂದು ಸಂಜೆ ಮನೆಗೆ ಬಂದಾಗ ಅತ್ತೆಯವರು ಅಡುಗೆಮನೆಯಲ್ಲಿ ಕುಳಿತಿದ್ದರು. ಪಡಸಾಲೆಯ ದೀಪ ಹಚ್ಚಿರಲಿಲ್ಲ.

"ಮಧ್ಯಾಹ್ನ ಅದು ನನ್ನ ಕಡೆ ಹೊಳ್ಳಿ ನೋಡ್ತು. ನೀ ನೋಡಿದಿ ಏನ?" ಎಂದರು.

ಆ ಮಧ್ಯಾಹ್ನ ನಾನು ಪಾಠ ವೀಕ್ಷಣೆಯಲ್ಲಿದ್ದೆ, ಮೊಬೈಲ್ ಚೀಲದಲ್ಲಿತ್ತು. ನಮ್ಮವರೂ ನೋಡಿರಲಿಲ್ಲ, ಮಗನೂ ನೋಡಿರಲಿಲ್ಲ. ಕರೆಂಟು ಹೋಗಿ ಬಂದಾಗ ಇಂಥ ಕ್ಯಾಮೆರಾಗಳು ತಾವಾಗಿಯೇ ಒಂದು ಸುತ್ತು ತಿರುಗಿ ನಿಲ್ಲುತ್ತವೆ. ಅದೇ ಆಗಿರಬಹುದು, ಆಗಿರದೆಯೂ ಇರಬಹುದು. ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ಆ ರಾತ್ರಿ ರೌಟರಿನ ಒಳಪುಟ ತೆರೆದು ನೋಡಿದಾಗ ಎರಡು ವಿಷಯ ಗೊತ್ತಾದವು. ಒಂದು, ಕ್ಯಾಮೆರಾದ ಗುಪ್ತಪದ ಡಬ್ಬಿಯ ಮೇಲೆ ಅಚ್ಚಾಗಿದ್ದದ್ದೇ ಇತ್ತು. ಎರಡು, ರೌಟರಿನಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯ ಚಾಲೂ ಇತ್ತು. ಮನೆಯೊಳಗಿನ ಯಾವುದೇ ಯಂತ್ರ ಕೇಳಿದರೆ, ರೌಟರ್ ನಮ್ಮನ್ನು ಕೇಳದೆಯೇ ಹೊರಗಿನಿಂದ ಅದಕ್ಕೆ ಒಂದು ಬಾಗಿಲು ತೆರೆದುಕೊಡುವ ವ್ಯವಸ್ಥೆ ಅದು. ತೆರೆದ ಬಾಗಿಲುಗಳ ಪಟ್ಟಿಯಲ್ಲಿ ನಮ್ಮ ಕ್ಯಾಮೆರಾದ ಹೆಸರಿತ್ತು.

2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೌಟರುಗಳೊಳಗೆ ಹೊಕ್ಕಿತ್ತು. ಅದರ ಬಳಿ ಇದ್ದ ಆಯುಧವೆಂದರೆ ಕಾರ್ಖಾನೆಯಲ್ಲೇ ಇಟ್ಟ ಅರವತ್ತಕ್ಕೂ ಹೆಚ್ಚು ಹೆಸರು-ಗುಪ್ತಪದಗಳ ಒಂದು ಪಟ್ಟಿ. ಹಾಗೆ ಸೆರೆಯಾದ ಯಂತ್ರಗಳಿಂದಲೇ ಆ ವರ್ಷ ಅಕ್ಟೋಬರ್ 21ರಂದು ದಾಳಿ ನಡೆದು, ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತಾಗಿದ್ದವು. ನಮ್ಮ ಐಸಿಟಿ ಪತ್ರಿಕೆಯ ತರಗತಿಯಲ್ಲಿ ಇದನ್ನು ನಾನೇ ಉದಾಹರಣೆಯಾಗಿ ಹೇಳುತ್ತಿದ್ದೆ, ಆದರೆ ನನ್ನ ಮನೆಯ ಕ್ಯಾಮೆರಾದ ಗುಪ್ತಪದ ಬದಲಿಸಿರಲಿಲ್ಲ.

ಗುಪ್ತಪದ ಬದಲಿಸಿದೆ, ಯುಪಿಎನ್‌ಪಿ ಆರಿಸಿದೆ. ಆದರೂ ಸಮಾಧಾನವಾಗಲಿಲ್ಲ. ಆ ಕ್ಯಾಮೆರಾ ಹೊರಗೆ ಯಾರೊಡನೆ ಏನು ಮಾತಾಡುತ್ತದೆ ಎಂದು ನೋಡಬೇಕು, ಬೇಡವೆಂದರೆ ಅದೊಂದನ್ನೇ ತಡೆಯಬೇಕು. ನಮ್ಮ ರೌಟರಿನಲ್ಲಿ ಅದಕ್ಕೆ ಅನುಕೂಲವಿರಲಿಲ್ಲ. ಮಗನ ಹಳೆಯ ಡೆಸ್ಕ್‌ಟಾಪ್ ಅಟ್ಟದ ಮೇಲಿತ್ತು. ಅದರ ಮೇಲೆ ಓಪಿಎನ್‌ಸೆನ್ಸ್ ಎಂಬ ಉಚಿತ ಫೈರ್‌ವಾಲ್ ತಂತ್ರಾಂಶ ಹಾಕಬಹುದೆಂದು ಓದಿದೆ. ಫೈರ್‌ವಾಲ್‌ಗೆ ಎರಡು ನೆಟ್‌ವರ್ಕ್ ಕಿಂಡಿ ಬೇಕು, ಒಂದು ಹೊರಗಿನ ಲೈನಿಗೆ, ಇನ್ನೊಂದು ಮನೆಯ ಕಡೆಗೆ. ಡೆಸ್ಕ್‌ಟಾಪಿನಲ್ಲಿ ಒಂದೇ ಇತ್ತು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಇನ್ನೊಂದು ಕಾರ್ಡ್ ತಂದೆವು. ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗನ ಆನ್‌ಲೈನ್ ಅಣಕು ಪರೀಕ್ಷೆ ಇತ್ತು. "ಅಷ್ಟರಾಗ ಆಗ್ತೈತಿ" ಎಂದು ನಾನೇ ಮಾತು ಕೊಟ್ಟಿದ್ದೆ.

ಪೆನ್‌ಡ್ರೈವಿನಿಂದ ತಂತ್ರಾಂಶ ಹಾಕುವುದು ಸುಲಭವಾಗಿಯೇ ಆಯಿತು. ಲೈನ್ ಹಾಕಿಸಿದ ದಿನ ಸೇವಾದಾತರು ಕೊಟ್ಟಿದ್ದ ಬಳಕೆದಾರ ಹೆಸರು, ಗುಪ್ತಪದದ ಚೀಟಿ ಫೈಲಿನಲ್ಲಿ ಸಿಕ್ಕಿತು. ಅದನ್ನು ರೌಟರಿನ ಬದಲು ಫೈರ್‌ವಾಲ್‌ಗೆ ಕೊಟ್ಟೆ. ಫೈಬರ್ ಪೆಟ್ಟಿಗೆಯ ವಾಯರನ್ನು ಫೈರ್‌ವಾಲ್‌ಗೆ, ಫೈರ್‌ವಾಲ್‌ನ ಇನ್ನೊಂದು ಕಿಂಡಿಯಿಂದ ರೌಟರಿನ ನೀಲಿ ಕಿಂಡಿಗೆ ಹಾಕಿ, ರೌಟರಿಗೆ "ವಿಳಾಸವನ್ನು ತಾನಾಗಿ ಪಡೆ" ಎಂದು ಹೇಳಿದೆ. ವೈಫೈ ಬಂತು, ಇಂಟರ್‌ನೆಟ್ ಬರಲಿಲ್ಲ. ಫೈರ್‌ವಾಲ್‌ನ ಪುಟ ನೋಡೋಣವೆಂದು 192.168.1.1 ಎಂದು ಬರೆದರೆ ರೌಟರಿನ ಪುಟವೇ ತೆರೆದುಕೊಳ್ಳುತ್ತಿತ್ತು.

ಅರ್ಧ ತಾಸು ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಎರಡೂ ಯಂತ್ರಗಳು ಕಾರ್ಖಾನೆಯಿಂದ ಒಂದೇ ವಿಳಾಸ ಹೊತ್ತು ಬಂದಿದ್ದವು. ಅಕ್ಕಪಕ್ಕದ ಎರಡು ಬಡಾವಣೆಗಳಲ್ಲೂ "ಮೊದಲನೇ ಕ್ರಾಸ್, ಮನೆ ನಂಬರ್ 1" ಇದ್ದರೆ ಅಂಚೆಯವನು ಏನು ಮಾಡಬೇಕು? ರೌಟರಿಗೆ ತನ್ನ ಒಳಗೂ ಹೊರಗೂ ಒಂದೇ ಓಣಿ ಕಾಣುತ್ತಿತ್ತು. ಫೈರ್‌ವಾಲ್‌ಗೆ ಮಾನಿಟರ್, ಕೀಬೋರ್ಡ್ ಹಚ್ಚಿ ಅದರ ಮನೆ ಕಡೆಯ ವಿಳಾಸವನ್ನು 192.168.10.1 ಮಾಡಿದೆ. ಇಂಟರ್‌ನೆಟ್ ಬಂತು. ನಮ್ಮವರು ಚಹಾ ತಂದುಕೊಟ್ಟರು.

ಆದರೆ ನಾನು ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆನೋ ಅದೇ ಆಗಿರಲಿಲ್ಲ. ಮನೆಯಲ್ಲಿ ನಾಲ್ಕು ಮೊಬೈಲ್, ಎರಡು ಲ್ಯಾಪ್‌ಟಾಪ್, ಒಂದು ಟಿವಿ, ಒಂದು ಕ್ಯಾಮೆರಾ ಸೇರಿ ಎಂಟು ಯಂತ್ರಗಳಿವೆ. ಫೈರ್‌ವಾಲ್‌ನ ಪಟ್ಟಿಯಲ್ಲಿ ಒಂದೇ ಒಂದು ಯಂತ್ರವಿತ್ತು, ಅದು ರೌಟರ್. ಕ್ಯಾಮೆರಾ ಎಲ್ಲೂ ಇಲ್ಲ.

ರಾತ್ರಿ ಎಂಟಾಗಿತ್ತು. ಕೇಳಬೇಕೆಂದರೆ ನನಗೆ ಗೊತ್ತಿದ್ದವನು ಒಬ್ಬನೇ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ನೆಟ್‌ವರ್ಕ್ ಜೋಡಿಸುವ ಕೆಲಸ ಮಾಡಿ ಆಮೇಲೆ ಬಿ.ಇಡಿ.ಗೆ ಬಂದವನು. ಆತನ ಹತ್ತನೇ ತರಗತಿಯ ಪಾಠಕ್ಕೆ ನಾನು ಬರೆದ ಟಿಪ್ಪಣಿ ನೆನಪಿತ್ತು: "ಕಾಲ ನಿರ್ವಹಣೆ ದುರ್ಬಲ. ತರಗತಿಯ ಮೇಲೆ ಹಿಡಿತವಿಲ್ಲ. ಮೌಲ್ಯಮಾಪನದ ಹಂತ ತಲುಪಿಲ್ಲ." ಫೋನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಗನ ಪರೀಕ್ಷೆ ನೆನಪಾಗಿ ಹಚ್ಚಿದೆ.

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳತೊಡಗಿದೆ. ಆತ ಪೂರ್ತಿ ಕೇಳಿಸಿಕೊಂಡು ಹೇಳಿದ: "ಮೇಡಂರಿ, ಮೊದಲ ಒಂದ್ ಹಾಳಿ ಮ್ಯಾಲ ಚಿತ್ರ ತಗೀರಿ. ಯಾವ ವಾಯರ್ ಎಲ್ಲಿಂದ ಎಲ್ಲಿಗೆ ಹೋಗೇತಿ, ಅಷ್ಟ."

ಬರೆದೆ. ಪೆಟ್ಟಿಗೆ, ಗೆರೆ, ಪೆಟ್ಟಿಗೆ, ಗೆರೆ, ಪೆಟ್ಟಿಗೆ.

"ರೌಟರಿನ ಪೆಟಗಿ ಒಳಗ ಏನೇನೈತಿ ಬರೀರಿ."

"ರೌಟರ್ ಒಳಗೇನಪಾ? ರೌಟರ್ ಅಂದ್ರ ರೌಟರ್."

"ಅಲ್ಲರಿ. ಅದೊಂದ ಡಬ್ಬ್ಯಾಗ ನಾಕ್ ಮಂದಿ ಅದಾರ. ವಿಳಾಸ ಹಂಚಾಂವ ಒಬ್ಬ. ಒಳಗಿನವರ ವಿಳಾಸ ಮುಚ್ಚಿ ತನ್ನ ಹೆಸರಿನ್ಯಾಗ ಹೊರಗ ಕಳಸಾಂವ ಒಬ್ಬ. ವಾಯರ್ ಕೂಡಸಾಂವ ಒಬ್ಬ. ವೈಫೈ ಬಿಡಾಂವ ಒಬ್ಬ. ನಿಮಗ ಈಗ ಬೇಕಾದವರು ಕಡೀ ಇಬ್ಬರ ಅಷ್ಟ. ಮೊದಲಿನ ಇಬ್ಬರ ಕೆಲಸ ಈಗ ಫೈರ್‌ವಾಲ್ ಮಾಡ್ತೈತಿ."

ಆಗ ತಿಳಿಯಿತು. ನ್ಯಾಟ್ ಎಂದು ಪಾಠ ಮಾಡುವಾಗ ನಾನು ಹೇಳುತ್ತಿದ್ದುದು ಇದೇ: ಒಳಗಿನ ಖಾಸಗಿ ವಿಳಾಸಗಳನ್ನೆಲ್ಲ ರೌಟರ್ ತನ್ನ ಒಂದು ವಿಳಾಸದ ಹಿಂದೆ ಮರೆಮಾಡುತ್ತದೆ. ಈಗ ಅದು ಎರಡು ಸಲ ಆಗುತ್ತಿತ್ತು. ಮೊದಲು ರೌಟರ್ ಎಂಟನ್ನು ಒಂದು ಮಾಡಿ ಫೈರ್‌ವಾಲ್‌ಗೆ ಕೊಡುತ್ತಿತ್ತು, ಫೈರ್‌ವಾಲ್ ಆ ಒಂದನ್ನು ಹೊರಗೆ ಕೊಡುತ್ತಿತ್ತು. ಎಂಟರಲ್ಲಿ ಕ್ಯಾಮೆರಾ ಯಾವುದೆಂದು ಫೈರ್‌ವಾಲ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಆದ್ದರಿಂದ ರೌಟರನ್ನು ಬರೀ ವೈಫೈ ಬಿಡುವ ಯಂತ್ರವನ್ನಾಗಿ ಮಾಡಬೇಕು.

ಉತ್ಸಾಹದಲ್ಲಿ ಫೋನಿಟ್ಟು ನಾನೇ ಮುಂದುವರಿದೆ. ರೌಟರಿಗೆ ವಾಯರಿನಿಂದ ಲ್ಯಾಪ್‌ಟಾಪ್ ಹಚ್ಚಿ, ವಿಳಾಸ ಹಂಚುವ ಡಿಎಚ್‌ಸಿಪಿ ಆರಿಸಿದೆ. ರೌಟರ್ ಮರುಚಾಲೂ ಆಯಿತು. ಆಮೇಲೆ ಅದರ ಪುಟವೇ ತೆರೆಯಲಿಲ್ಲ. ಲ್ಯಾಪ್‌ಟಾಪಿನ ವಿಳಾಸ ನೋಡಿದರೆ 169.254 ಎಂದು ಶುರುವಾಗುವ ಏನೋ ಒಂದು. ಮತ್ತೆ ಫೋನು. ನಾಚಿಕೆಯಾಗಿತ್ತು.

"ಛಲೋ ಆತು ಬಿಡ್ರಿ," ಎಂದ. "ವಿಳಾಸ ಕೊಡೋರು ಯಾರೂ ಸಿಗದಿದ್ರ ಕಂಪ್ಯೂಟರ್ ತಾನ ಒಂದ ವಿಳಾಸ ಇಟ್ಕೋತೈತಿ, ಅದ ಇದು. ಅಂದ್ರ ಕೊಡಾಂವ ಎದ್ದ ಹೋದ ಅಂತ ಅದು ನಿಮಗ ಹೇಳಾಕತ್ತೈತಿ. ಈಗ ನೀವ ಕೈಯಿಂದ ಒಂದ ವಿಳಾಸ ಕೊಡ್ರಿ."

ಲ್ಯಾಪ್‌ಟಾಪಿಗೆ 192.168.1.50 ಎಂದು ಕೈಯಾರೆ ಕೊಟ್ಟೆ, ರೌಟರಿನ ಪುಟ ತೆರೆಯಿತು. ಅದರ ವಿಳಾಸವನ್ನು 192.168.10.2 ಮಾಡಿದೆ. ಮೊದಲು ಈ ವಿಳಾಸ ಬದಲಿಸಿ, ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು, ಆಮೇಲೆ ಡಿಎಚ್‌ಸಿಪಿ ಆರಿಸಿದ್ದರೆ ಇಷ್ಟು ಸುತ್ತು ಬೇಕಿರಲಿಲ್ಲ. ಕೊನೆಗೆ ಫೈರ್‌ವಾಲ್‌ನಿಂದ ಬಂದ ವಾಯರನ್ನು ರೌಟರಿನ ನೀಲಿ ಕಿಂಡಿಯಿಂದ ಕಿತ್ತು, ಮನೆ ಕಡೆಯ ಹಳದಿ ಕಿಂಡಿಯೊಂದಕ್ಕೆ ಹಾಕಿದೆ. ನೀಲಿ ಕಿಂಡಿ ಖಾಲಿ ಉಳಿಯಿತು. ವೈಫೈ ಹೆಸರು, ಗುಪ್ತಪದ ಹಳೆಯವೇ ಇದ್ದುದರಿಂದ ಮನೆಯ ಯಾವ ಮೊಬೈಲನ್ನೂ ಮುಟ್ಟಬೇಕಾಗಲಿಲ್ಲ. ಫೈರ್‌ವಾಲ್‌ನ ಪಟ್ಟಿಯಲ್ಲಿ ಒಂದೊಂದಾಗಿ ಹೆಸರುಗಳು ಮೂಡತೊಡಗಿದವು. ಟಿವಿ, ಮಗನ ಮೊಬೈಲ್, ನನ್ನ ಲ್ಯಾಪ್‌ಟಾಪ್, ಕೊನೆಗೆ ಕ್ಯಾಮೆರಾ.

ಅದಕ್ಕೆ 192.168.10.50 ಎಂದು ಖಾಯಂ ವಿಳಾಸ ಕೊಟ್ಟು, "ಈ ವಿಳಾಸದಿಂದ ಹೊರಗೆ ಏನೂ ಹೋಗಬಾರದು" ಎಂಬ ನಿಯಮ ಬರೆದೆ. ಕ್ಯಾಮೆರಾ ಹೋಗುತ್ತಲೇ ಇತ್ತು. ಕಾರಣ, ನನ್ನ ನಿಯಮ "ಮನೆಯವರೆಲ್ಲ ಹೋಗಬಹುದು" ಎಂಬ ಮೊದಲಿನ ನಿಯಮದ ಕೆಳಗಿತ್ತು. ಫೈರ್‌ವಾಲ್ ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದಿದ ನಿಯಮಕ್ಕೇ ನಿಂತುಬಿಡುತ್ತದೆ. ನಿಯಮವನ್ನು ಮೇಲೆ ತಂದೆ. ಆಗಲೂ ಹಳೆಯ ಸಂಪರ್ಕ ಹಾಗೇ ಉಳಿದಿತ್ತು. ಒಮ್ಮೆ ಒಪ್ಪಿಗೆ ಸಿಕ್ಕ ಸಂಪರ್ಕವನ್ನು ಫೈರ್‌ವಾಲ್ ನೆನಪಿಟ್ಟುಕೊಂಡಿರುತ್ತದೆ. ಆ ನೆನಪನ್ನು ಅಳಿಸಿದ ಮೇಲೆ ಕ್ಯಾಮೆರಾ ನಿಂತಿತು. ದಾಖಲೆಯ ಪುಟದಲ್ಲಿ ಕೆಂಪು ಸಾಲುಗಳು ಒಂದರ ಮೇಲೊಂದು ಬರತೊಡಗಿದವು. ರಾತ್ರಿ ಹನ್ನೊಂದೂವರೆಗೆ, ಯಾರೂ ನೋಡದಿರುವಾಗಲೂ, ಅದು ಹೊರಗೆ ಹೋಗಲು ಬಾಗಿಲು ಬಡಿಯುತ್ತಲೇ ಇತ್ತು.

ನಾನು ಬಹಳ ಹೊತ್ತು ನೋಡಿದ್ದು ಮಾತ್ರ ಆ ಕೆಂಪು ಸಾಲುಗಳನ್ನಲ್ಲ. ಎಂಟು ಹೆಸರುಗಳ ಪಟ್ಟಿಯನ್ನು. ಸಂಜೆ ಅದೇ ಜಾಗದಲ್ಲಿ ಒಂದೇ ಹೆಸರಿತ್ತು.

ನಮ್ಮ ತರಗತಿಗಳಲ್ಲಿ ದಿನಾ ಕೇಳುವ ಮಾತೊಂದಿದೆ. "ತಿಳೀತೇನ?" ಎನ್ನುತ್ತಾರೆ ಶಿಕ್ಷಕರು. "ತಿಳೀತ್ರೀ ಸರ್" ಎಂದು ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತ ನಾನು "ತರಗತಿ ಚೆನ್ನಾಗಿ ಸ್ಪಂದಿಸಿತು" ಎಂದು ಬರೆಯುತ್ತೇನೆ. ಆ ಒಂದು ದನಿಯ ಹಿಂದೆ ನಲವತ್ತು ವಿಳಾಸಗಳು ಮರೆಯಾಗಿರುತ್ತವೆ. ಯಾರಿಗೆ ತಿಳಿದಿಲ್ಲವೆಂದು ಕಾಣದಿದ್ದರೆ ಅವರೊಬ್ಬರಿಗಾಗಿ ಏನು ಮಾಡುವುದು?

ಮರುದಿನ ವೀಕ್ಷಣಾ ಪುಸ್ತಕ ತೆಗೆದು ಆತನ ಪಾಠದ ಪುಟ ಓದಿದೆ. ವಿದ್ಯುಚ್ಛಕ್ತಿ ಘಟಕ, ಸರಣಿ ಮತ್ತು ಸಮಾಂತರ ಜೋಡಣೆ. "ತಿಳೀತ್ರೀ ಸರ್" ಎಂದು ತರಗತಿ ಕೂಗಿದ ಮೇಲೂ ಆತ ಮುಂದೆ ಹೋಗಿರಲಿಲ್ಲ. ಎಲ್ಲರಿಗೂ ಎರಡು ಬಲ್ಬು, ಒಂದು ಬ್ಯಾಟರಿಯ ಚಿತ್ರ ಬರೆಯಲು ಹೇಳಿದ್ದ. ಸಾಲುಗಳ ನಡುವೆ ನಡೆಯುತ್ತಾ ಕೊನೆಯ ಬೆಂಚಿನ ಒಬ್ಬ ಹುಡುಗಿಯ ಬಳಿ ನಿಂತುಬಿಟ್ಟಿದ್ದ. ಆಕೆ ಸಮಾಂತರವೆಂದು ಬರೆದದ್ದು ನಿಜವಾಗಿ ಸರಣಿಯೇ ಆಗಿತ್ತು, ಎರಡು ಬಲ್ಬುಗಳನ್ನು ಅಕ್ಕಪಕ್ಕ ಬರೆದದ್ದರಿಂದ ಸಮಾಂತರದಂತೆ ಕಾಣುತ್ತಿತ್ತು. ಆತ ತಪ್ಪೆನ್ನಲಿಲ್ಲ. "ಬ್ಯಾಟರಿಯಿಂದ ಹೊಂಟು ಬಟ್ಟಿನಿಂದ ದಾರಿ ತೋರ್ಸು" ಎಂದ. ಆಕೆಯ ಬೆರಳು ಎರಡನೇ ಬಲ್ಬಿನ ಬಳಿ ನಿಂತಿತು. ಆಕೆ ತಾನೇ ಗೆರೆ ಒರೆಸಿ ಮತ್ತೆ ಬರೆದಳು. ಅಷ್ಟರಲ್ಲಿ ಗಂಟೆ ಬಾರಿಸಿತು.

ಇಷ್ಟನ್ನೂ ನಾನು ಕಣ್ಣಾರೆ ನೋಡಿದ್ದೆ. ಬರೆದದ್ದು "ಕಾಲ ನಿರ್ವಹಣೆ ದುರ್ಬಲ" ಎಂದು. ಮೌಲ್ಯಮಾಪನದ ಹಂತ ತಲುಪಿಲ್ಲ ಎಂದು ಬರೆದ ಗಳಿಗೆಯಲ್ಲಿ, ಆ ತರಗತಿಯಲ್ಲಿ ನಡೆದ ನಿಜವಾದ ಮೌಲ್ಯಮಾಪನ ಕೊನೆಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲೇ ಆಗುತ್ತಿತ್ತು. "ದಾರಿ ತೋರ್ಸು" ಎಂದು ಆ ಹುಡುಗಿಗೆ ಹೇಳಿದ್ದನ್ನೇ ಆತ ಶನಿವಾರ ರಾತ್ರಿ ನನಗೂ ಹೇಳಿದ್ದ: ವಾಯರ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಚಿತ್ರ ತೆಗೆಯಿರಿ.

ಸೋಮವಾರ ಆತನನ್ನು ಕರೆದು ಇದನ್ನೆಲ್ಲ ಹೇಳಿದೆ. ಅಂಕಗಳು ಆಗಲೇ ಕಚೇರಿಗೆ ಹೋಗಿದ್ದವು. ಪ್ರಾಂಶುಪಾಲರಿಗೆ ಬರೆದು ಕೊಟ್ಟು, ಅದೇ ಪಾಠದ ಪುಟಕ್ಕೆ ನನ್ನ ತಿದ್ದುಪಡಿ ಟಿಪ್ಪಣಿ ಸೇರಿಸಿ ಇಬ್ಬರೂ ಸಹಿ ಮಾಡಿದೆವು. ಆ 13 ಮಾತ್ರ 13 ಆಗಿಯೇ ಉಳಿಯಿತು. ಆತ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ: "ನೀವು ಹಿಂದ ಕುಂತಾಗ ನನಗ ಹುಡುಗ್ರು ಕಾಣ್ತಿರಲಿಲ್ಲರಿ, ನಿಮ್ಮ ಪೆನ್ ಕಾಣ್ತಿತ್ತು. ಆ ಹುಡುಗಿ ಹಂತ್ಯಾಕ ಹೋದ ಮ್ಯಾಲ ಪೆನ್ ಮರತೆ."

ನನಗೆ ಅಡುಗೆಮನೆಯಲ್ಲಿ ದೀಪ ಹಚ್ಚದೆ ಕುಳಿತಿದ್ದ ಅತ್ತೆಯವರು ನೆನಪಾದರು. ಅವರಿಗೂ ಪಡಸಾಲೆ ಕಾಣುತ್ತಿರಲಿಲ್ಲ, ಆ ಗಾಜಿನ ಕಣ್ಣು ಕಾಣುತ್ತಿತ್ತು.

ಆ ಸಂಜೆ ಅವರ ಹತ್ತಿರ ಕುಳಿತು ಕೇಳಿದೆ: "ಈಗ ಅದು ಹೊರಗ ಹೋಗೂದಿಲ್ಲ. ಯಾರೂ ನೋಡೂದಿಲ್ಲ. ಇರಲಿ ಏನ್ರಿ?"

"ನೀವೂ ನೋಡೂದ ಬ್ಯಾಡ," ಎಂದರು. "ನಾ ಕರದಾಗ ಯಾರರ ಬರ್ರಿ, ಅಷ್ಟ ಸಾಕು. ಒಂದ ಗಂಟಿ ಹಾಕಸ್ರಿ."

ಈಗ ಅವರ ಮಂಚದ ಬಳಿಯೂ ಬಚ್ಚಲುಮನೆಯಲ್ಲೂ ಒಂದೊಂದು ಗುಂಡಿ ಇದೆ. ಒತ್ತಿದರೆ ಪಕ್ಕದ ಮನೆಯಲ್ಲಿ ಗಂಟೆ ಬಾರಿಸುತ್ತದೆ. ಪಕ್ಕದ ಮನೆಯವರು ಸಂತೋಷದಿಂದಲೇ ಒಪ್ಪಿಕೊಂಡರು. ಕ್ಯಾಮೆರಾ ಅಂಗಳದ ಗೇಟಿನ ಕಡೆ ಮುಖಮಾಡಿದೆ.

ಫೈರ್‌ವಾಲ್ ಟಿವಿ ಮೇಜಿನ ಕೆಳಗೆ ಸಣ್ಣ ಯುಪಿಎಸ್ ಜೊತೆ ಗುಯ್‌ಗುಡುತ್ತಿದೆ. ಅದರ ಮಿತಿಯೂ ಈಗ ಗೊತ್ತು. ಮನೆಯೊಳಗೆ ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡಿದರೆ ಆ ಮಾತು ರೌಟರಿನಲ್ಲೇ ತಿರುಗಿ ಹೋಗುತ್ತದೆ, ಫೈರ್‌ವಾಲ್‌ವರೆಗೆ ಬರುವುದೇ ಇಲ್ಲ. ಹೊಸ್ತಿಲು ಕಾಯುವವನಿಗೆ ಅಡುಗೆಮನೆಯ ಮಾತು ಕೇಳಿಸುವುದಿಲ್ಲ. ಅತ್ತೆಯವರಿಗೆ ಫೋನ್ ಮಾಡಿ ಬ್ಯಾಂಕಿನವನೆಂದು ಹೇಳಿ ಒಟಿಪಿ ಕೇಳುವವನನ್ನು ಯಾವ ಫೈರ್‌ವಾಲೂ ತಡೆಯದು. ಅದಕ್ಕೆ ಅವರ ಜೊತೆ ಕುಳಿತು ಮಾತಾಡುವುದೇ ದಾರಿ. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದ್ದೇವೆ.

ವೀಕ್ಷಣಾ ಪುಸ್ತಕದಲ್ಲಿ ಮಾಡಿಕೊಂಡ ಬದಲಾವಣೆ ಹೇಳಿ ಮುಗಿಸುತ್ತೇನೆ. ಮುದ್ರಿತ ನಮೂನೆಯ ಕೆಳಗೆ ಕೈಯಿಂದ ಒಂದು ಸಾಲು ಬರೆದುಕೊಳ್ಳುತ್ತೇನೆ: "ಈ ಪಾಠದಲ್ಲಿ ಏನು ಕಲಿತರೆಂದು ನಾನು ಹೆಸರು ಹಿಡಿದು ಹೇಳಬಲ್ಲ ಮೂರು ಮಕ್ಕಳು ಯಾರು?" ಪಾಠಕ್ಕೆ ಮೊದಲು ಪ್ರಶಿಕ್ಷಣಾರ್ಥಿಯನ್ನು ಎರಡು ಪ್ರಶ್ನೆ ಕೇಳುತ್ತೇನೆ: ಇವತ್ತು ಯಾರ ಕಡೆ ಗಮನ ಕೊಡಬೇಕೆಂದಿದ್ದೀರಿ, ನಾನು ಎಲ್ಲಿ ಕುಳಿತರೆ ನಿಮಗೆ ಅನುಕೂಲ? ಅಂಕಗಳನ್ನು ಪಾಠ ಮುಗಿದು ಮಾತಾಡಿದ ಮೇಲೆಯೇ ಬರೆಯುತ್ತೇನೆ. ಮೊದಲ ವಾರ ಆ ಮೂರು ಹೆಸರುಗಳ ಜಾಗ ಹೆಚ್ಚಿನ ಪುಟಗಳಲ್ಲಿ ಖಾಲಿ ಉಳಿಯಿತು. ಅದು ಪ್ರಶಿಕ್ಷಣಾರ್ಥಿಗಳ ತಪ್ಪಾಗಿರಲಿಲ್ಲ.

ಮಗನ ಅಣಕು ಪರೀಕ್ಷೆ ಆ ಭಾನುವಾರ ಒಂಬತ್ತಕ್ಕೆ ಸರಿಯಾಗಿ ಶುರುವಾಯಿತು.